ಶುಂಠಿಗೆ ಗದ್ದೆ ಹಿಡಿದಿದ್ದೀರಾ? 11 ತಿಂಗಳ ಬಾಂಡ್ ಪೇಪರ್ ನಂಬಿ ಕೂರಬೇಡಿ

ಹುಂಚ, ರಿಪ್ಪನ್‌ಪೇಟೆ, ಆನಂದಪುರ ಕಡೆ ಶುಂಠಿಗೆ ಗದ್ದೆ ಹಿಡಿಯೋದು ಹೇಗೆ ಅಂತ ನಿಮಗೆ ಗೊತ್ತೇ ಇದೆ. ಎಕರೆಗೆ ಇಷ್ಟು ಅಂತ ಮಾತಾಗುತ್ತೆ, ಸ್ವಲ್ಪ ಮುಂಗಡ, ಬಾಂಡ್ ಪೇಪರ್ ಮೇಲೆ 11 ತಿಂಗಳ ಕರಾರು. ಏಪ್ರಿಲ್-ಮೇ ತಿಂಗಳಲ್ಲಿ ನೆಟ್ಟ ಶುಂಠಿ ಡಿಸೆಂಬರ್-ಜನವರಿಗೆ ಬಲಿಯುತ್ತೆ. ರೇಟು ಇದ್ದರೆ ಕಿತ್ತು ಮಾರಿ ಗದ್ದೆ ಬಿಟ್ಟುಕೊಡ್ತೀವಿ, ತಕರಾರಿಲ್ಲ. ರೇಟು ಬಿದ್ದ ವರ್ಷ ನೋಡಿ ಕಷ್ಟ. ಇನ್ನೊಂದು ಮಳೆಗಾಲ ನೆಲದಲ್ಲೇ ಇರಲಿ ಅಂತ ನೀವು, ಅಡಿಕೆ ಸಸಿ ಇಡೋಕೆ ಜೆಸಿಬಿಗೆ ಹೇಳಿ ಆಗಿದೆ ಅಂತ ಮಾಲೀಕರು. ಆಗ ಇಬ್ಬರೂ ಹುಡುಕೋದು ಆ ಬಾಂಡ್ ಪೇಪರನ್ನೇ.

ಆ ಪೇಪರಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಪ್ರಕಾರ 1974ರ ಮಾರ್ಚ್ 1ರಿಂದ ಈಚೆಗೆ ಕೃಷಿ ಜಮೀನನ್ನು ಯಾವ ಅವಧಿಗೂ ಗೇಣಿಗೆ ಕೊಡುವಂತಿಲ್ಲ. ಸೈನಿಕರು, ನಾವಿಕರ ಜಮೀನು, ಕರಾವಳಿಯ ಜಲಕೃಷಿ ಇಂಥ ಕೆಲವು ವಿನಾಯಿತಿ ಬಿಟ್ಟರೆ ಬೇರೆ ದಾರಿ ಇಲ್ಲ. 11 ತಿಂಗಳ ಲೆಕ್ಕ ಬಂದಿರೋದು ನೋಂದಣಿ ಕಾಯ್ದೆಯಿಂದ. ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಬೇಕು, ಅದನ್ನು ತಪ್ಪಿಸೋಕೆ ಪೇಟೆಯ ಮನೆ ಬಾಡಿಗೆಗೆ ಹುಟ್ಟಿದ ಉಪಾಯ ಅದು. ಗದ್ದೆಗೆ ಅದು ಅನ್ವಯಿಸಲ್ಲ. ಕಾನೂನು ನಿಷೇಧಿಸಿದ ಕೆಲಸಕ್ಕೆ ಮಾಡಿಕೊಂಡ ಕರಾರು ಅನೂರ್ಜಿತ. "ಇನ್ನೂ ಎರಡು ತಿಂಗಳು ಬಾಕಿ ಇದೆ" ಅಂತ ಅದರ ಆಧಾರದ ಮೇಲೆ ನೀವು ಕೋರ್ಟಿನಲ್ಲಿ ವಾದ ಮಾಡೋಕಾಗಲ್ಲ. 2020ರ ತಿದ್ದುಪಡಿಯಲ್ಲಿ ಎಲ್ಲ ಸಡಿಲ ಆಯ್ತು ಅಂತ ಕೆಲವರು ಅಂದುಕೊಂಡಿದ್ದಾರೆ. ಸಡಿಲ ಆಗಿದ್ದು ಕೃಷಿ ಜಮೀನು ಕೊಳ್ಳೋದು, ಗೇಣಿ ನಿಷೇಧ ಹಾಗೇ ಇದೆ.

ಇಷ್ಟು ಬಿಗಿ ಕಾನೂನು ಯಾಕೆ ಅಂತ ಕೇಳಿದರೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯೋ ಕೊಳಗದ ಗಾತ್ರದ ಬಗ್ಗೆ ಶುರುವಾದ ಜಗಳ, ಗೇಣಿದಾರರನ್ನು ಗದ್ದೆಗೆ ಇಳಿಯಬೇಡಿ ಅನ್ನೋ ತನಕ ಹೋಯ್ತು. 1951ರ ಏಪ್ರಿಲ್‌ನಲ್ಲಿ ಎಚ್. ಗಣಪತಿಯಪ್ಪನವರ ಜೊತೆ ರೈತರು ಸತ್ಯಾಗ್ರಹಕ್ಕೆ ನಿಂತು ಗದ್ದೆಗೆ ಇಳಿದು ಜೈಲಿಗೆ ಹೋದರು. ರಾಮಮನೋಹರ ಲೋಹಿಯಾ ಕೂಡ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ, ಗೇಣಿ ಪದ್ಧತಿಯನ್ನೇ ರದ್ದು ಮಾಡಿ ಉಳುವವನಿಗೆ ಭೂಮಿ ಕೊಟ್ಟರು. ಇದನ್ನು ಓದ್ತಿರೋ ಎಷ್ಟೋ ಜನರ ತೋಟ ಅಜ್ಜ ಹಾಕಿದ 7ನೇ ನಮೂನೆಯ ಅರ್ಜಿಯಿಂದಲೇ ಬಂದಿದ್ದು.

ಮಾಲೀಕರ ಹೆದರಿಕೆಗೂ ಬೇರು ಅಲ್ಲೇ ಇದೆ. ಒಬ್ಬರಿಗೇ ಎರಡು-ಮೂರು ವರ್ಷ ಕೊಟ್ಟರೆ ಜಮೀನು ಹೋಗುತ್ತೆ ಅಂತ ವರ್ಷ ವರ್ಷ ಆಳು ಬದಲಾಯಿಸ್ತಾರೆ. ಆ ಹೆದರಿಕೆಗೆ ಈಗ ಅರ್ಥವಿಲ್ಲ. 7ನೇ ನಮೂನೆ ಇದ್ದದ್ದು 1974ರ ಹೊತ್ತಿಗೆ ಗೇಣಿಯಲ್ಲಿದ್ದವರಿಗೆ ಮಾತ್ರ, ಅದರ ಕೊನೇ ದಿನ 1979ರ ಜೂನ್ 30. ಈಗ ಗದ್ದೆ ಹಿಡಿದವರಿಗೆ ಅದು ಸಿಗಲ್ಲ. ಆದರೆ ಕಾನೂನು ಮೀರಿ ಗೇಣಿಗೆ ಕೊಟ್ಟ ಜಮೀನನ್ನು ಸರ್ಕಾರ ವಶಕ್ಕೆ ತಗೊಳ್ಳೋ ಅವಕಾಶ ಕಾಯ್ದೆಯಲ್ಲಿದೆ. ಅಂದ್ರೆ ಸಿಟ್ಟಿನಲ್ಲಿ ತಹಶೀಲ್ದಾರರ ಹತ್ತಿರ ದೂರು ಕೊಟ್ಟರೆ ಮಾಲೀಕರೂ ಕಳ್ಕೊಳ್ತಾರೆ, ನಿಮಗೂ ಸಿಗಲ್ಲ.

ಇದರ ಪೆಟ್ಟು ಮಣ್ಣಿಗೂ ಬೀಳುತ್ತೆ. ಸಾವಯವ ಪ್ರಮಾಣಪತ್ರಕ್ಕೆ ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕಕ್ಕೆ ಮೂರು ವರ್ಷ ಪರಿವರ್ತನೆ ಅವಧಿ ಬೇಕು. 11 ತಿಂಗಳಿಗೆ ಗದ್ದೆ ಹಿಡಿದವರು ಯಾಕಾದ್ರೂ ಗೊಬ್ಬರ-ಸೊಪ್ಪು ಹಾಕ್ತಾರೆ? ರಾಸಾಯನಿಕ ಸುರಿದು, ಸಿಕ್ಕಿದ್ದು ಬಾಚಿಕೊಂಡು ಹೋಗ್ತಾರೆ. ಬರೀ ಅವರನ್ನೇ ಬೈದು ಪ್ರಯೋಜನ ಇಲ್ಲ.

ಹಾಗಾದ್ರೆ ಕರಾರಿಗೆ ಬೆಲೆ ಇಲ್ಲ ಅಂದ್ಮೇಲೆ ಮಾಲೀಕರು ಬೆಳೆ ಮೇಲೆ ಜೆಸಿಬಿ ಹತ್ತಿಸಬಹುದಾ? ಇಲ್ಲ. ಕರ್ನಾಟಕದಿಂದಲೇ ಹೋದ ರಾಮೇಗೌಡ ವಿರುದ್ಧ ವರದಪ್ಪ ನಾಯ್ಡು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದ್ದು ಇದೇ: ನೆಲೆಯೂರಿದ ಸ್ವಾಧೀನದಲ್ಲಿ ಇರುವವರನ್ನು ನಿಜವಾದ ಮಾಲೀಕರೂ ಬಲವಂತವಾಗಿ ಹೊರಹಾಕುವಂತಿಲ್ಲ, ಕಾನೂನಿನ ಮೂಲಕವೇ ಬಿಡಿಸಬೇಕು. ಬೆಳೆ ಬೆಳೆದಿದ್ದಾರಾ ಅನ್ನೋದು ಆ ಸ್ವಾಧೀನದ ಒಂದು ಪರೀಕ್ಷೆ. ಬೆಳೆ ನಿಂತಿದ್ದರೆ ಅದನ್ನು ನಾಶ ಮಾಡೋ ಹಕ್ಕು ಮಾಲೀಕರಿಗಿಲ್ಲ. ಬಲವಂತದಿಂದ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಬೇಕು. ಬೇಕಂತಲೇ ಬೆಳೆ ಹಾಳು ಮಾಡೋದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಂ ಪ್ರಕಾರ ಅಪರಾಧ. "ಇದು ಸಿವಿಲ್ ಮ್ಯಾಟರ್" ಅಂತ ಠಾಣೆಯಲ್ಲಿ ಹೇಳಿದರೆ ಈ ಕಲಂ ನೆನಪಿಸಿ. ಹಾಗಂತ ಇದು ಗದ್ದೆಯಲ್ಲೇ ಕೂರೋ ಹಕ್ಕಲ್ಲ. ಮಾಲೀಕರು ತಮ್ಮ ಹಕ್ಕಿನ ಮೇಲೆ ಕೋರ್ಟಿಗೆ ಹೋದರೆ ನೀವು ಬಿಡಲೇಬೇಕಾಗುತ್ತೆ.

ಅಡಿಕೆಯ ಫಸಲು ಗುತ್ತಿಗೆ, ಅಂದ್ರೆ ಕೇಣಿ, ಬೇರೆ ಮಾತು. ಅಲ್ಲಿ ತೋಟ ಮಾಲೀಕರ ಸಾಗುವಳಿಯಲ್ಲೇ ಇರುತ್ತೆ, ನೀವು ಕೊಳ್ಳೋದು ಮರದ ಮೇಲಿನ ಫಸಲು ಮಾತ್ರ. ಅದು ಸರಕಿನ ಖರೀದಿ, ಕರಾರಿಗೆ ಬೆಲೆ ಇದೆ. ಬಂಡವಾಳ ಕಡಿಮೆ ಇರೋ ಹುಡುಗರು ಶುಂಠಿಗಿಂತ ಮೊದಲು ಇದನ್ನು ಯೋಚಿಸಿ ಅಂತ ನನ್ನ ಸಲಹೆ. ಪಾಲಿಗೆ ಮಾಡೋದು ಮಾತ್ರ ಇದರಂತಲ್ಲ. ಬೆಳೆಯ ಪಾಲು ತಗೊಂಡು ಉಳುವವರನ್ನು ಕಾಯ್ದೆ ಕೂಲಿಯವರು ಅಂತ ನೋಡಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಗದ್ದೆ ಹಿಡಿಯೋರು ಹಿಡಿದೇ ಹಿಡೀತಾರೆ. ಹಿಡಿಯೋ ಮೊದಲು ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿ. 9ನೇ ಕಾಲಂನಲ್ಲಿ ಸರ್ಕಾರ ಅಂತಿದ್ದರೆ ಅದು ಬಗರ್‌ಹುಕುಂ ಸಾಗುವಳಿ, ಕೊಡೋ ಹಕ್ಕೇ ಅವರಿಗಿಲ್ಲ. ಅಣ್ಣತಮ್ಮಂದಿರ ಜಂಟಿ ಹೆಸರಿದ್ದರೆ ಎಲ್ಲರ ಹತ್ತಿರವೂ ಮಾತಾಡಿ. ದುಡ್ಡು ಕೈಗೆ ಕೊಡಬೇಡಿ, ಫೋನ್‌ಪೇ ಅಥವಾ ಬ್ಯಾಂಕಿನಲ್ಲಿ ಹಾಕಿ. ಬಿತ್ತನೆ ಗಡ್ಡೆ, ಗೊಬ್ಬರದ ಬಿಲ್ ನಿಮ್ಮ ಹೆಸರಲ್ಲಿರಲಿ. ನಾಟಿಯಿಂದ ಕೀಳೋ ತನಕ ತಿಂಗಳಿಗೊಮ್ಮೆ ಸ್ಥಳ-ದಿನಾಂಕ ಬೀಳೋ ಹಾಗೆ ಫೋಟೊ ತೆಗೆದಿಡಿ. ಸ್ವಾಧೀನ ತೋರಿಸೋದು ಇವೇ.

ಬೆಳೆಹಾನಿ ಪರಿಹಾರ ಬಂದರೆ ಪಹಣಿಯಲ್ಲಿ ಹೆಸರಿದ್ದವರ ಖಾತೆಗೇ ಬೀಳುತ್ತೆ. ಯಾರಿಗೆ ಎಷ್ಟು ಅಂತ, ರೇಟು ಬಿದ್ದರೆ ಎಷ್ಟು ದಿನ ಬಿಡಬಹುದು ಅಂತ, ಅದಕ್ಕೆ ಹೆಚ್ಚಿಗೆ ಎಷ್ಟು ಕೊಡಬೇಕು ಅಂತ ನಾಟಿಗೆ ಮೊದಲೇ ಊರಿನ ಇಬ್ಬರ ಎದುರು ಮಾತಾಡಿ ಬರೆದಿಡಿ. ಕೋರ್ಟಿಗೆ ಬೇಡದಿದ್ದರೂ ಪಂಚಾಯ್ತಿ ಮಾತುಕತೆಗೆ ಬೇಕಾಗುತ್ತೆ. ಅಲ್ಲೂ ಬಗೆಹರಿಯದಿದ್ದರೆ ಕಾನೂನು ಸೇವೆಯ ಉಚಿತ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಜಗಳ ಕೈ ಮಿಲಾಯಿಸೋ ಹಂತಕ್ಕೆ ಹೋಗೋ ಮೊದಲೇ.