ಹಲ್ಲಿನ ಹಳಿ ಮುಗಿದ ಮೇಲೆ

ಮಂಜು ಇಳಿದರೆ ಕೂನೂರಿನಲ್ಲಿ ಬಟ್ಟೆ ಒಣಗುವ ಮಾತೇ ಇಲ್ಲ. ಈ ಮನೆಯ ಅಡುಗೆಮನೆಯಲ್ಲಿ ಕೆಂಡದ ಮೇಲೆ ಬಿದಿರುಬುಟ್ಟಿ ಬೋರಲು ಹಾಕಿ, ಹಳೇ ಪಂಚೆ ಹರಿದು ಮಾಡಿದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಹರವಿದ್ದಾರೆ. ಒಳಕೋಣೆಗೆ ಕಾಲಿಟ್ಟರೆ ಸಾಂಬ್ರಾಣಿ, ಹಾಲು, ಬೆಳ್ಳುಳ್ಳಿ ಸಾರು. ಕಿಟಕಿಯ ಸಂದಿಯಿಂದ, ಇಳಿಜಾರಿನ ಫ್ಯಾಕ್ಟರಿಯಲ್ಲಿ ಬಾಡುತ್ತಿರುವ ಟೀ ಎಲೆಯ ಹಸಿ ಘಮ.

ಗುಂಡ್ಲುಪೇಟೆ ಕಡೆಯಿಂದ ಈ ಬೆಟ್ಟಕ್ಕೆ ಸೊಸೆಯಾಗಿ ಬಂದವಳು ಕಿವಿಗೆ ಹತ್ತಿಯಿಟ್ಟು, ತಲೆಗೆ ಶಾಲು ಸುತ್ತಿ ಗೋಡೆಗೊರಗಿದ್ದಾಳೆ. ಮಗು ಮಲಗಿದೆ, ಅವಳಿಲ್ಲ. ಅದರ ಮೂಗಿನ ಬಳಿ ಬೆರಳಿಡುತ್ತಾಳೆ, ಉಸಿರು ತಾಕಿದ ಮೇಲೆ ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. ಹನ್ನೊಂದು ವರ್ಷ ಮುಟ್ಟಿನ ದಿನ, ಇಂಜೆಕ್ಷನ್ನು, ಸೋತ ತಿಂಗಳುಗಳನ್ನು ಎಣಿಸಿದ ಬೆರಳು ಅದು. ಈಗ ಉಸಿರು ಎಣಿಸುತ್ತಿದೆ.

ಆಗ ನೆಂಟರು ಕೇಳುತ್ತಿದ್ದದ್ದು, ‘ಏನೂ ವಿಶೇಷ ಇಲ್ವಾ?’ ಈಗ ಅದೇ ನೆಂಟರು ತೊಟ್ಟಿಲಿಗೆ ಇಣುಕಿ, ‘ಹರಕೆ ಹೊತ್ತು ಪಡೆದಿದ್ದೀಯ, ಇನ್ನೇನಮ್ಮ ಬೇಕು?’ ಎನ್ನುತ್ತಾರೆ. ಬೇಕಾದದ್ದು ನಿದ್ದೆ. ಆದರೆ ಇಷ್ಟು ಬೇಡಿ ಪಡೆದವಳು ಸುಸ್ತು ಅಂದರೆ ದೇವರು ಮುನಿದಾನೆಂದು, ರಾತ್ರಿ ಮಗುವಿನ ಜೊತೆ ಅಳು ಬಂದಾಗ ಸೆರಗು ಬಾಯಿಗೆ ತುರುಕಿಕೊಳ್ಳುತ್ತಾಳೆ.

ಕೆಳಗೆ ರೈಲು ಕೂಗುತ್ತದೆ. 1899ರಲ್ಲಿ ಕೂನೂರು ಮುಟ್ಟಿದ ದಾರಿ. ಕಲ್ಲಾರಿನಿಂದ ಇಲ್ಲಿಯವರೆಗೆ ಹನ್ನೆರಡು ಅಡಿಗೊಂದು ಅಡಿ ಏರು, ಹಳಿಗಳ ನಡುವಿನ ಹಲ್ಲು ಕಚ್ಚಿಕೊಂಡೇ ಹತ್ತಬೇಕು. ಕೂನೂರಿನಲ್ಲಿ ಹಲ್ಲು ಮುಗಿದು ಎಂಜಿನ್ ಬದಲಾಗುತ್ತದೆ. ಊಟಿಯ ಏರು ಮಾತ್ರ ಇನ್ನೂ ಬಾಕಿ.

‘ಕಚ್ಕೊಂಡು ಹತ್ತೋದು ಗೊತ್ತಿತ್ತು’ ಎನ್ನುತ್ತಾಳೆ, ‘ಬಿಟ್ಟು ಹತ್ತೋದು ಗೊತ್ತಿಲ್ಲ.’

ದಿಂಬಿನಡಿ ನರ್ಸ್ ಕೊಟ್ಟ ಹಾಳೆಯಿದೆ: ಬಾಣಂತಿಯ ಮನಸ್ಸು ಅಳೆಯಲು 1987ರಲ್ಲಿ ಎಡಿನ್‌ಬರೋದಲ್ಲಿ ರೂಪಿಸಿದ ಹತ್ತು ಪ್ರಶ್ನೆ. ಕೊನೆಯಲ್ಲಿ ಪೆನ್ನಿನಿಂದ ಬರೆದ ನಂಬರು, 14416. ಕರೆದರೆ ಕೇಳಿಸಿಕೊಳ್ಳುವ ಸಹಾಯವಾಣಿ, ಟೆಲಿ ಮಾನಸ್. ಬಾಣಂತಿಯರಲ್ಲಿ ನೂರಕ್ಕೆ ಸುಮಾರು ಹದಿಮೂರು ಮಂದಿಗೆ ಮನಸ್ಸಿನ ತೊಂದರೆ ಕಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಯಾರೂ ಮಗು ಬೇಡವೆಂದು ಅತ್ತವರೇ ಆಗಬೇಕಿಲ್ಲ. ಹಾಳೆಯಲ್ಲಿ ಏಳು ಪ್ರಶ್ನೆಗೆ ಗುರುತು ಬಿದ್ದಿದೆ, ಮೂರು ಖಾಲಿ.

ಪಕ್ಕದ ಹಟ್ಟಿಯ ಬಡಗ ಅಜ್ಜಿ ಬಿಳಿ ಹೊದಿಕೆ ಸರಿಪಡಿಸಿಕೊಂಡು ಬಂದವಳು, ಏನೂ ಕೇಳದೆ ಮಗುವನ್ನೆತ್ತಿ ಮಡಿಲಿಗೆ ಹಾಕಿಕೊಂಡಳು. ಬೆರಳಿಡಲು ಮೂಗು ಸಿಗದ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಹಾಸಿಗೆಗೆ ಇಳಿಯಿತು. ಗೊರಕೆ ಸಣ್ಣಗೆ ಶುರುವಾದಾಗ ಅಜ್ಜಿ, ನೋಡಲು ಬಂದಿದ್ದ ನಮ್ಮತ್ತ ತಿರುಗಿ ಅಡುಗೆಮನೆ ತೋರಿಸಿದಳು. ಬುಟ್ಟಿಯ ಮೇಲಿನ ಬಟ್ಟೆ ಮಗುಚುವ ಹೊತ್ತಾಗಿತ್ತು.