ಹಳೆಯ ಮಸೂರಕ್ಕೆ ಹೊಸ ಮನೆ

ಯಂತ್ರಗಳ ಲೋಕದಲ್ಲಿ ಮುಪ್ಪು ಬೇಗ ಬರುತ್ತದೆ. ಯಂತ್ರವೊಂದು ಹಳತಾಯಿತೆಂದರೆ ಅದರ ಅಂಗಾಂಗಗಳೂ ಮೂಲೆ ಸೇರುವುದು ರೂಢಿ. ಛಾಯಾಗ್ರಹಣದಲ್ಲಿ ಮಾತ್ರ ಇದಕ್ಕೊಂದು ಅಪವಾದವುಂಟು. ಫಿಲ್ಮಿನ ಕಾಲದ ಮಸೂರಗಳು ಇಂದಿನ ಮಿರರ್‌ಲೆಸ್ ಕ್ಯಾಮರಾಗಳ ಆಶ್ರಯದಲ್ಲಿ ಎರಡನೆಯ ಆಯುಷ್ಯವನ್ನು ಪಡೆದಿವೆ.

ನನ್ನಲ್ಲಿರುವುದು ಹೀಲಿಯೋಸ್ 44-2. ನಾಭಿದೂರ 58 ಮಿಲಿಮೀಟರ್. ಜರ್ಮನಿಯ ಜೇನಾ ನಗರದ ಕಾರ್ಲ್ ಜೈಸ್ ಸಂಸ್ಥೆಯ ಬಯೋಟಾರ್ ಮಸೂರವನ್ನು ಮಾದರಿಯಾಗಿಟ್ಟುಕೊಂಡು ಸೋವಿಯತ್ ಕಾರ್ಖಾನೆಗಳು ಜೆನಿಟ್ ಕ್ಯಾಮರಾಗಳಿಗೆಂದು ತಯಾರಿಸಿದ್ದಿದು. ಹಿಂಬದಿಯಲ್ಲಿ 42 ಮಿಲಿಮೀಟರ್ ವ್ಯಾಸದ ತಿರುಪು. ಇಂಥ ತಿರುಪಿನ ಮಸೂರ ಫಿಲ್ಮಿನಿಂದ 45.46 ಮಿಲಿಮೀಟರ್ ದೂರದಲ್ಲಿ ಕೂರಬೇಕೆಂಬುದು ನಿಯಮ. ನಡುವೆ ಏಳುತ್ತ ಬೀಳುತ್ತ ಇರುವ ಕನ್ನಡಿಗೆ ಅಷ್ಟು ಎಡೆ ಬೇಕಾಗಿತ್ತು. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಾಗ ಆ ಕನ್ನಡಿ ಹೋಯಿತು, ಎಡೆಯೂ ಕಿರಿದಾಯಿತು. ಸೋನಿಯ ಇ-ಮೌಂಟ್ ಕ್ಯಾಮರಾಗಳಲ್ಲಿ ಅದು ಕೇವಲ 18 ಮಿಲಿಮೀಟರ್. ಉಳಿದ 27.46 ಮಿಲಿಮೀಟರನ್ನು ಒಂದು ಲೋಹದ ಕೊಳವೆ ತುಂಬಿಕೊಟ್ಟರೆ ಹಳೆಯ ಮಸೂರಕ್ಕೆ ತನ್ನ ಮನೆಯೇ ಮರಳಿ ದೊರೆತಂತೆ. ಈ ಕೊಳವೆಯೇ ಅಡಾಪ್ಟರು. ಒಳಗೆ ಗಾಜಿಲ್ಲ, ಅಳೆದಿಟ್ಟ ಬಯಲು ಮಾತ್ರ.

ಆ ಅಳತೆ ಬಲು ಕಟ್ಟುನಿಟ್ಟು. ನಿಕಾನಿನ ಕನ್ನಡಿಯುಳ್ಳ ಎಫ್-ಮೌಂಟ್ ಕ್ಯಾಮರಾಗಳಲ್ಲಿ ಈ ದೂರ 46.5 ಮಿಲಿಮೀಟರ್. ಹೆಚ್ಚಿದ್ದು ಒಂದೇ ಮಿಲಿಮೀಟರಾದರೂ ದೂರದ ಬೆಟ್ಟ ಎಷ್ಟು ತಿರುಗಿಸಿದರೂ ಸ್ಫುಟವಾಗದು. ಸ್ಫುಟವಾಗಬೇಕೆಂದರೆ ನಡುವೆ ಇನ್ನೊಂದು ಗಾಜನ್ನಿಟ್ಟು ತಿದ್ದಬೇಕು. ತಿದ್ದುವ ಗಾಜು ತನ್ನ ದೋಷವನ್ನೂ ಚಿತ್ರಕ್ಕೆ ಬೆರೆಸುತ್ತದೆ. ಪಂಪನನ್ನು ಇಂದಿನ ತರಗತಿಗೆ ತರುವ ಅಧ್ಯಾಪಕನಿಗೆ ಈ ಕೊಳವೆ ಪಾಠ ಹೇಳುವಂತಿದೆ. ಹಳೆಯದಕ್ಕೆ ನಮ್ಮ ತಿದ್ದುಪಡಿ ಬೇಕಿಲ್ಲ. ಅದಕ್ಕೆ ತಕ್ಕ ದೂರವನ್ನು ಒದಗಿಸಿಕೊಟ್ಟು ನಾವು ಬರಿದಾಗಿ ನಿಂತರೆ ಸಾಕು.

ಈ ಮಸೂರಕ್ಕೂ ಕ್ಯಾಮರಾಕ್ಕೂ ವಿದ್ಯುತ್ ಸಂಬಂಧವಿಲ್ಲ. ಆದುದರಿಂದ ಕ್ಯಾಮರಾದ ಪಾಲಿಗೆ ಅಲ್ಲಿ ಮಸೂರವೇ ಇಲ್ಲ; ‘ಮಸೂರವಿಲ್ಲದೆಯೂ ಚಿತ್ರ ತೆಗೆ’ ಎಂದು ಮೊದಲೇ ಅಪ್ಪಣೆ ಕೊಟ್ಟಿರಬೇಕು. ಬಳಿಕದ ಕೆಲಸವೆಲ್ಲ ಕೈಯದು. ಬೆಳಕಿನ ಕಂಡಿಯನ್ನು ಕಿರಿದುಗೊಳಿಸಿದರೆ ಹಳೆಯ ಕ್ಯಾಮರಾದ ನೋಟಕಿಂಡಿ ಕತ್ತಲಾಗುತ್ತಿತ್ತು. ಹೊಸದು ಬಿಂಬವನ್ನು ಬೆಳಗಿಸಿ ತೋರಿಸುತ್ತದೆ. ಬೇಕೆಂದ ಭಾಗವನ್ನು ಹಿಗ್ಗಿಸುತ್ತದೆ, ಸ್ಫುಟವಾದ ಅಂಚುಗಳಿಗೆ ಬಣ್ಣ ಹಚ್ಚುತ್ತದೆ. ಚಾಳೀಸು ಬಂದಿರುವ ನನ್ನಂಥವನ ಕಣ್ಣಿಗೆ ಇದು ದೊಡ್ಡ ಉಪಕಾರ.

ಓಡುವ ಮಗುವನ್ನು, ಹಾರುವ ಹಕ್ಕಿಯನ್ನು ಈ ಬಗೆಯಲ್ಲಿ ಹಿಡಿಯುವುದು ಕಷ್ಟ. ಅಂಚಿನಲ್ಲಿ ಬಿಂಬ ಮೆತ್ತಗಾಗುತ್ತದೆ. ಎದುರು ಬಿಸಿಲಿಗೆ ಚಿತ್ರ ಮಬ್ಬಾಗುತ್ತದೆ. ಕಂಡಿಯನ್ನು ಪೂರ್ತಿ ತೆರೆದರೆ ಹಿನ್ನೆಲೆಯ ಎಲೆಗಳು ಸುಳಿಯಂತೆ ಸುತ್ತಿದ ಹಾಗೆ ತೋರುತ್ತವೆ. ಇದು ಮಸೂರದ ದೋಷವೇ ಸರಿ. ಆದರೂ ಅನೇಕರು ಈ ಸುಳಿಗೆಂದೇ ಹೀಲಿಯೋಸನ್ನು ಹುಡುಕಿ ಕೊಳ್ಳುತ್ತಾರೆ.

ನಾನು ಇದನ್ನು ಮೆಚ್ಚಿದ ಕಾರಣ ಬೇರೆ. ಎಂಬತ್ತು ದಾಟಿದ ನನ್ನ ತಾಯಿಯ ಚಿತ್ರವನ್ನು ಇದರಿಂದ ತೆಗೆದೆ. ಅಷ್ಟು ಹತ್ತಿರದಲ್ಲಿ ಕಣ್ಣು ಸ್ಫುಟವಾದರೆ ಕಿವಿ ಮಸುಕು; ಯಾವುದು ಬೇಕೆಂಬುದನ್ನು ಯಂತ್ರ ಹೇಳದು, ನಾನೇ ಆರಿಸಬೇಕು. ಬಳೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದಂತೆ ಹಣೆಯ ಗೆರೆ, ರೆಪ್ಪೆಯ ನೆರಳು, ಕಣ್ಣಿನ ಅಂಚಿನ ಹನಿ ಒಂದೊಂದಾಗಿ ಮೂಡಿ ಮರೆಯಾದವು. ‘ಇನ್ನೂ ಆಗಲಿಲ್ಲವೇನೋ?’ ಎಂದು ಆಕೆ ನಕ್ಕಳು. ಆಗಿರಲಿಲ್ಲ. ಒಂದೇ ಮನೆಯಲ್ಲಿದ್ದೂ ಆ ಮುಖವನ್ನು ಅಷ್ಟು ಹೊತ್ತು ನೋಡಿ ಎಷ್ಟು ವರ್ಷಗಳಾಗಿದ್ದವೋ!