ಹವಳಕ್ಕೆ ಬೇಕಾದ ಬೆಳಕು

ಬೀಕರಿನ ನೀರಿನಲ್ಲಿ ಹೈಡ್ರಿಲ್ಲಾ ಗಿಡ, ಅದರ ಮೇಲೆ ಬೋರಲಾಗಿಟ್ಟ ಆಲಿಕೆ, ಆಲಿಕೆಯ ಮೇಲೆ ಪ್ರನಾಳ. ರಾಯದುರ್ಗದಲ್ಲಾಗಲಿ ಮಡಕಶಿರದಲ್ಲಾಗಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಪ್ರಯೋಗ ನೆನಪಿರುತ್ತದೆ. ಬಿಸಿಲಿಗಿಟ್ಟರೆ ಗುಳ್ಳೆಗಳು ಸರಸರನೆ ಏಳುತ್ತವೆ. ನೆರಳಿಗೆ ತಂದರೆ ತಡೆದು ತಡೆದು, ಒಂದೊಂದೇ. ಹೊರದೇಶಗಳಲ್ಲಿ ಮನೆಯ ಅಕ್ವೇರಿಯಂನಲ್ಲಿ ಹವಳ ಬೆಳೆಸುವವರು ದೀಪ ಕೊಳ್ಳುವಾಗ ಹಾಕುವ ಲೆಕ್ಕವೂ ಇದೇ.

ಹವಳ ಪ್ರಾಣಿ. ಆದರೆ ಅದರ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬೆಳಕು ಬಿದ್ದಾಗ ಈ ಪಾಚಿ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಊಟ. ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಇದರಿಂದಲೇ ಸಿಗಬಹುದು. ಸಮುದ್ರದ ನೀರು ಕೆಂಪು ಬೆಳಕನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿ, ನೀಲಿಯನ್ನು ಆಳಕ್ಕೆ ಬಿಡುತ್ತದೆ. ಆದ್ದರಿಂದ ಪಾಚಿ ನೀಲಿಗೆ ಒಗ್ಗಿಕೊಂಡಿದೆ. ಹವಳದ ಎಲ್‌ಇಡಿಗಳು ನೀಲಿಯಾಗಿರುವುದು ಬರೀ ಅಲಂಕಾರಕ್ಕಲ್ಲ.

ಲ್ಯೂಮೆನ್ ನೋಡಿ ದೀಪ ಕೊಂಡರೆ ಇಲ್ಲಿ ಮೋಸ ಹೋಗುತ್ತೇವೆ. ಲ್ಯೂಮೆನ್ ಮನುಷ್ಯನ ಕಣ್ಣಿನ ಅಳತೆ. ಅದರಲ್ಲಿ ಹಸಿರು-ಹಳದಿಗೆ ಹೆಚ್ಚು ಬೆಲೆ, ನೀಲಿಗೆ ತೀರಾ ಕಡಿಮೆ. ಪಾಚಿಗೆ ಬೇಕಾದ ಅಳತೆ 'ಪಾರ್'. ಅಂದರೆ 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಎಂಬ ಎಣಿಕೆ. ನಡುಹಗಲ ಬಿಸಿಲಿನಲ್ಲಿ ಇದು ಸುಮಾರು 2000 ಮೈಕ್ರೋಮೋಲ್. ಮೆದು ಹವಳಕ್ಕೆ 50ರಿಂದ 150 ಸಾಕು. ಕವಲೊಡೆಯುವ ಗಟ್ಟಿ ಹವಳಕ್ಕೆ 200ರಿಂದ 350. ಅದನ್ನೂ ಒಮ್ಮೆಲೇ ಸುರಿಯಬಾರದು, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸಬೇಕು.

ನಮ್ಮ ಸೀಮೆಯಲ್ಲಿ ಬಿಸಿಲಿಗೇನು ಬರವೇ, ಕಿಟಕಿಯ ಪಕ್ಕ ಇಟ್ಟರಾಯಿತು ಎನ್ನುವಂತಿಲ್ಲ. ಬಿಸಿಲಿನ ಜೊತೆ ಕಾವೂ ಬರುತ್ತದೆ. ಹವಳಕ್ಕೆ ಹಿತವಾದದ್ದು 24ರಿಂದ 27 ಡಿಗ್ರಿಯ ನೀರು. 30 ದಾಟಿ ದಿನಗಟ್ಟಲೆ ನಿಂತರೆ ಬಹುತೇಕ ಹವಳಗಳು ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತವೆ, ಉಪವಾಸ ಬೀಳುತ್ತವೆ. ರಾಯದುರ್ಗದ ಬೇಸಿಗೆಯಲ್ಲಿ ನೀರು ತಣಿಸುವ ಚಿಲ್ಲರ್ ಇಲ್ಲದೆ ಎಂಥ ದೀಪ ತಂದರೂ ಪ್ರಯೋಜನವಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಮಾತೊಂದಿದೆ. ಗಟ್ಟಿ ಹವಳಗಳೂ ಕಡಲ ಬೀಸಣಿಗೆಗಳೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಹುಲಿ ಇರುವುದೂ ಅದೇ ಪಟ್ಟಿಯಲ್ಲಿ. ಸಮುದ್ರದಿಂದ ಮುರಿದು ತಂದ ಹವಳವನ್ನು ಯಾರೇ ಮಾರಲು ಬಂದರೂ ಕೊಳ್ಳಬೇಡಿ. ಅದನ್ನು ಕಣ್ಣಾರೆ ಕಾಣುವ ಆಸೆಯಿದ್ದರೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ನೀರಿನಲ್ಲಿ ಮುಳುಗಿ ನೋಡಿ. ಮನೆಯ ಅಕ್ವೇರಿಯಂಗೆ ಕೆರೆಯ ಹೈಡ್ರಿಲ್ಲಾ, ಸಾಧಾರಣ ಬಿಳಿ ಎಲ್‌ಇಡಿ, ದಿನಕ್ಕೆ 8 ಗಂಟೆ ಬೆಳಕು ಸಾಕು. ಮಕ್ಕಳನ್ನು ಕೂರಿಸಿಕೊಂಡು ಗುಳ್ಳೆ ಎಣಿಸಿ.